ಹೈವೇ ಧೂಳು ಬೇರೆ, ತಲೆದಿಂಬಿನ ಧೂಳು ಬೇರೆ

ಕುಂಬಳೆಯಲ್ಲಿ ಬಸ್ಸು ಹತ್ತುವಾಗ ಏನೂ ಇರಲಿಲ್ಲ. ಬಂದ್ಯೋಡು ಬರುವಾಗ ಮೂಗಿನ ಒಳಗೆ ಸಣ್ಣ ತುರಿಕೆ. ಉಪ್ಪಳ ಮುಟ್ಟುವಷ್ಟರಲ್ಲಿ ಸೀನು ಶುರು. ಒಂದರ ಹಿಂದೆ ಒಂದು, ಹನ್ನೆರಡು ಸೀನು. ಒಂದು ಕೈ ಮೇಲಿನ ಕಂಬಿ ಹಿಡಿದಿದೆ, ಇನ್ನೊಂದು ಕೈಯಲ್ಲಿ ಒದ್ದೆಯಾದ ಕರ್ಚೀಫು. ಕಂಡಕ್ಟರ್ ನೀಡುವ ಚಿಲ್ಲರೆ ತೆಗೆದುಕೊಳ್ಳಲು ಕೈಯೇ ಇಲ್ಲ. ಸೀಟಿನಲ್ಲಿದ್ದ ಅಜ್ಜಿ, "ಎಂತ ಮಗಾ, ಶೀತವಾ? ಕೊತ್ತಂಬರಿ ಜೀರಿಗೆ ಕಷಾಯ ಮಾಡಿ ಕುಡಿ" ಎಂದರು. ಎದುರಿಗೆ ನಿಂತಿದ್ದ ಹುಡುಗ ಮುಖ ತಿರುಗಿಸಿ ಹಿಂದೆ ಸರಿದ. ಕೊರೋನಾ ಬಂದು ಹೋದ ಮೇಲೆ ಬಸ್ಸಿನಲ್ಲಿ ಸೀನುವವರನ್ನು ಜನ ನೋಡುವ ರೀತಿಯೇ ಬದಲಾಗಿದೆ. ಅವನನ್ನು ತಪ್ಪು ಹೇಳುವ ಹಾಗಿಲ್ಲ.

ಆದರೆ ಅದು ಶೀತ ಆಗಿರಲಿಲ್ಲ. ಶೀತಕ್ಕೆ ಒಂದು ಲೆಕ್ಕ ಇದೆ. ಮೊದಲು ಗಂಟಲು ಕೆರೆತ, ಮೈಕೈ ನೋವು, ಆಮೇಲೆ ನೀರು ಸೋರುವುದು, ಆಮೇಲೆ ಸಿಂಬಳ ದಪ್ಪ ಆಗುವುದು, ವಾರ ಹತ್ತು ದಿನದಲ್ಲಿ ಮುಗಿಯುವುದು. ಅಲರ್ಜಿಯಲ್ಲಿ ತುರಿಕೆ ಮುಖ್ಯ. ಮೂಗು, ಕಣ್ಣು, ಅಂಗುಳ, ಕೆಲವರಿಗೆ ಕಿವಿಯ ಒಳಗೂ ತುರಿಸುತ್ತದೆ. ಸೀನು ಸಾಲಾಗಿ ಬರುತ್ತದೆ. ಮೂಗಿನಿಂದ ಬರುವುದು ತಿಳಿ ನೀರು. ಜ್ವರ ಇರುವುದಿಲ್ಲ. ಮತ್ತೆ ಇದು ವಾರಕ್ಕೆ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಬರುತ್ತಲೇ ಇರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ವರ್ಷಗಟ್ಟಲೆ ನಾನು ಹೈವೇಯನ್ನೇ ದೂರಿದೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಕೆಲಸ ನಡೆಯುತ್ತಿದ್ದ ಸಮಯದಲ್ಲಿ ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಮುರಕಲ್ಲಿನ ಗುಡ್ಡ ಕಡಿದು ಕೆಂಪು ಧೂಳು ಎದ್ದು, ಸಂಜೆ ಮನೆಗೆ ಬಂದು ಮುಖ ತೊಳೆದರೆ ನೀರು ಕೆಂಪಗೆ ಹೋಗುತ್ತಿತ್ತು. "ನನಗೆ ಡಸ್ಟ್ ಅಲರ್ಜಿ" ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಕೊನೆಗೊಮ್ಮೆ ಇಎನ್‌ಟಿ ಡಾಕ್ಟ್ರ ಹತ್ತಿರ ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು. "ಭಾನುವಾರ ಹೇಗಿರ್ತದೆ?"

ಭಾನುವಾರ ಬಸ್ಸಿಲ್ಲ, ಹೈವೇ ಇಲ್ಲ. ಆದರೂ ಎದ್ದು ಚಾಪೆ ಮಡಚುವಾಗ, ಬೆಡ್‌ಶೀಟ್ ಕೊಡವುವಾಗ ಹತ್ತು ಸೀನು ಬರುತ್ತದೆ. ಅದನ್ನು ನಾನು ಯಾವತ್ತೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಮೇಲೆ ಮುಂಗೈಗೆ ಬೇರೆ ಬೇರೆ ಹನಿ ಹಾಕಿ ಸೂಜಿಯಲ್ಲಿ ಚುಚ್ಚಿ ನೋಡುವ ಪರೀಕ್ಷೆ ಮಾಡಿದರು. ಕಾಲು ಗಂಟೆಯಲ್ಲಿ ಒಂದೆರಡು ಕಡೆ ಸೊಳ್ಳೆ ಕಚ್ಚಿದ ಹಾಗೆ ದಡಿಕೆ ಎದ್ದಿತು. ಅದು ಮನೆಯ ಧೂಳಿನಲ್ಲಿರುವ ನುಸಿಯದ್ದು.

ನಮ್ಮಲ್ಲಿ ಸೊಳ್ಳೆಗೂ ನುಸಿ ಎನ್ನುವವರಿದ್ದಾರೆ, ಇದು ಅದಲ್ಲ. 1998ರ ಸುಮಾರಿಗೆ ಕೇರಳದ ತೆಂಗಿಗೆ ನುಸಿ ಬಂದು ಕಾಯಿ ಎಲ್ಲ ಮುರುಟಿದ್ದು ತೋಟ ಇರುವವರಿಗೆ ನೆನಪಿರಬಹುದು. ಅದರ ದೂರದ ನೆಂಟ ಎನ್ನಬಹುದು. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ದಿನಾ ಉದುರುವ ಸತ್ತ ಚರ್ಮವೇ ಅದಕ್ಕೆ ಊಟ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ತೇವಾಂಶ ಶೇಕಡಾ 50ಕ್ಕಿಂತ ಕೆಳಗೆ ನಿಂತರೆ ಅದು ಒಣಗಿ ಸಾಯುತ್ತದೆ. ಕಾಸರಗೋಡಿನ ಮಳೆಗಾಲದಲ್ಲಿ ತೇವಾಂಶ 80 ದಾಟಿಯೇ ಇರುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಡ. ನಮ್ಮ ತಲೆದಿಂಬು, ಹಾಸಿಗೆ, ಕಂಬಳಿ ಅದರ ಮನೆ. ತೊಂದರೆ ಕೊಡುವುದು ಹುಳಕ್ಕಿಂತಲೂ ಜಾಸ್ತಿ ಅದರ ಹಿಕ್ಕೆ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಮನೆಯ ಧೂಳಿನ ಅಲರ್ಜಿಗೆ ಕಾರಣ ಈ ನುಸಿ ಎಂದು ನೆದರ್‌ಲ್ಯಾಂಡ್ಸಿನ ವೈದ್ಯರು ತೋರಿಸಿಕೊಟ್ಟದ್ದು 1964ರಲ್ಲಿ. ಅಲ್ಲಿಯವರೆಗೆ ಡಾಕ್ಟರುಗಳೂ ನನ್ನ ಹಾಗೆಯೇ "ಧೂಳು" ಎಂದು ಸುಮ್ನೆ ಹೇಳುತ್ತಿದ್ದರು.

ಅಂದರೆ ಡಾಕ್ಟ್ರು "ಡಸ್ಟ್ ಅಲರ್ಜಿ" ಎಂದು ಚೀಟಿಯಲ್ಲಿ ಬರೆದಾಗ ಅವರ ಮನಸ್ಸಿನಲ್ಲಿರುವುದು ತಲೆದಿಂಬು. ನಮ್ಮ ಕಣ್ಣೆದುರು ಬರುವುದು ಲಾರಿ. ಈ ಒಂದು ಶಬ್ದದ ಗೊಂದಲದಿಂದ ಎಷ್ಟೋ ಜನ ತಪ್ಪು ಜಾಗದಲ್ಲಿ ಹೋರಾಡುತ್ತಿದ್ದಾರೆ.

ಹಾಗಾದರೆ ಬಸ್ಸಿನಲ್ಲೇ ಯಾಕೆ ಜೋರಾಗುತ್ತದೆ? ಇದಕ್ಕೆ ಮೂಗಿನ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡಬೇಕು.

ಅಲರ್ಜಿ ಇರುವವರ ದೇಹ ನುಸಿಯ ಹಿಕ್ಕೆಯಂಥ ನಿರುಪದ್ರವಿ ವಸ್ತುವನ್ನು ಶತ್ರು ಎಂದು ತಪ್ಪು ತಿಳಿಯುತ್ತದೆ. ಅದರ ಗುರುತು ಹಿಡಿಯಲು ಐಜಿಇ ಎಂಬ ಪ್ರೋಟೀನನ್ನು ತಯಾರು ಮಾಡಿ ಇಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ ಜಪಾನಿನ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಇನ್ನೊಂದು ತಂಡ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ 1966-67ರಲ್ಲಿ ಇದನ್ನು ಕಂಡುಹಿಡಿದರು. ಈ ಐಜಿಇ ಮೂಗಿನ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಮಾಸ್ಟ್ ಕೋಶದ ಹೊಟ್ಟೆ ತುಂಬ ಹಿಸ್ಟಮಿನ್ ಇರುತ್ತದೆ. ಮುಂದಿನ ಸಲ ಆ ಹಿಕ್ಕೆಯ ಪುಡಿ ಮೂಗಿಗೆ ಬಂದು ಐಜಿಇಗೆ ಅಂಟಿದ ಕೂಡಲೇ ಕೋಶ ಹಿಸ್ಟಮಿನನ್ನು ಹೊರಗೆ ಸುರಿಯುತ್ತದೆ. ನಿಮಿಷಗಳಲ್ಲಿ ತುರಿಕೆ, ಸೀನು, ನೀರು.

ಇಲ್ಲಿಗೆ ಮುಗಿಯುವುದಿಲ್ಲ. ಇದಾದ ನಾಲ್ಕರಿಂದ ಎಂಟು ಗಂಟೆಗಳ ಮೇಲೆ ಎರಡನೇ ಸುತ್ತು ಬರುತ್ತದೆ. ರಕ್ತದಿಂದ ಬೇರೆ ಕೋಶಗಳು ಬಂದು ಸೇರಿ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಆಗ ಸೀನು ಕಡಿಮೆ, ಮೂಗು ಕಟ್ಟುವುದು ಜಾಸ್ತಿ. ಬೆಳಿಗ್ಗೆ ಸೀನಿದವರಿಗೆ ಸಂಜೆ ವಾಪಸ್ ಬರುವ ರೈಲಿನಲ್ಲಿ ಬಾಯಿಯಿಂದ ಉಸಿರಾಡಬೇಕಾಗುವುದು ಇದರಿಂದಲೇ. ಮೂಗು ಕಟ್ಟಿದೆ ಎಂದರೆ ಒಳಗೆ ಸಿಂಬಳ ತುಂಬಿದೆ ಎಂದು ನಾವು ಎಣಿಸುತ್ತೇವೆ. ನಿಜವಾಗಿ ಮೂಗಿನ ಒಳಗೆ ಅಕ್ಕಪಕ್ಕ ಇರುವ ಮೆತ್ತಗಿನ ಮಡಿಕೆಗಳಲ್ಲಿ ರಕ್ತ ತುಂಬಿ ಅವು ಉಬ್ಬಿರುತ್ತವೆ. ಹಾಗಾಗಿ ಎಷ್ಟು ಜೋರಾಗಿ ಸೀಟಿದರೂ ದಾರಿ ಬಿಡುವುದಿಲ್ಲ. ಕಿವಿ ನೋವು ಬರುತ್ತದೆ, ಅಷ್ಟೇ.

ಇನ್ನೊಂದು ವಿಷಯ ಇದೆ, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಒಂದು ಸಲ ಕೆರಳಿದ ಮೂಗು ಎರಡನೇ ಸಲ ಕೆರಳಲು ಅಷ್ಟೇ ಕಾರಣ ಬೇಕಾಗುವುದಿಲ್ಲ. ರಾತ್ರಿಯಿಡೀ ತಲೆದಿಂಬಿನಲ್ಲಿ ಮುಖ ಇಟ್ಟು ಏಳೆಂಟು ಗಂಟೆ ನುಸಿಯ ಪುಡಿ ಎಳೆದುಕೊಂಡ ಮೂಗು ಬೆಳಿಗ್ಗೆ ಬಸ್ಸು ಹತ್ತುವಾಗಲೇ ಊದಿಕೊಂಡು ತಯಾರಾಗಿರುತ್ತದೆ. ಆ ಮೂಗಿಗೆ ಡ್ರೈವರ್ ಹಚ್ಚಿದ ಊದುಬತ್ತಿಯ ಹೊಗೆ ಸಾಕು. ಪಕ್ಕದವರ ಸೆಂಟು ಸಾಕು. ಮುಡಿದ ಮಲ್ಲಿಗೆಯ ಪರಿಮಳವೂ ಸಾಕು. ಕೆಂಪು ಧೂಳೂ ಹೀಗೆಯೇ. ಇವೆಲ್ಲ ಹೆಚ್ಚಿನವರಿಗೆ ಅಲರ್ಜಿ ವಸ್ತುಗಳಲ್ಲ, ಮೂಗನ್ನು ಕೆರೆಯುವ ವಸ್ತುಗಳು. ಆರೋಗ್ಯದ ಮೂಗಾದರೆ ಒಂದು ಸೀನು ಸೀನಿ ಸುಮ್ಮನಾಗುತ್ತದೆ. ಡೀಸೆಲ್ ಹೊಗೆ ಸ್ವಲ್ಪ ಬೇರೆ. ಅದರ ಕಣಗಳು ಅಲರ್ಜಿ ವಸ್ತುವಿನ ಜೊತೆ ಸೇರಿ ಮೂಗಿಗೆ ಹೋದರೆ ಐಜಿಇ ಉತ್ತರವೇ ಜೋರಾಗುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ.

ಬಸ್ಸಿನ ಒಳಗೆ ನುಸಿ ಇಲ್ಲವೇ ಇಲ್ಲ ಎಂದಲ್ಲ. ನಮ್ಮ ಬಟ್ಟೆಯಲ್ಲಿ ಮನೆಯ ಅಲರ್ಜಿ ವಸ್ತು ಅಂಟಿಕೊಂಡು ಊರೆಲ್ಲ ಸುತ್ತುತ್ತದೆ. ಬೆಕ್ಕು ಸಾಕಿದವರ ಬಟ್ಟೆಯಿಂದ ಬೆಕ್ಕಿನ ಅಲರ್ಜಿ ವಸ್ತು ಬೆಕ್ಕೇ ಇಲ್ಲದ ಕಡೆಗೂ ಹೋಗಿ ಸೇರುತ್ತದೆ. ಬಟ್ಟೆ ಹೊದಿಸಿದ ಮೆತ್ತನೆ ಸೀಟು ಇದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ರೆಕ್ಸಿನ್ ಸೀಟಿನಲ್ಲಿ ಅಷ್ಟು ನಿಲ್ಲುವುದಿಲ್ಲ, ಒರೆಸಿದರೆ ಹೋಗುತ್ತದೆ. ಹಾಗಾಗಿ ನಮಗೆ ಪುಶ್‌ಬ್ಯಾಕ್ ಸೀಟಿನ ಬಸ್ಸಿಗಿಂತ ಸಾಧಾರಣ ಬಸ್ಸಿನ ಗಟ್ಟಿ ಸೀಟೇ ವಾಸಿ.

ಮಳೆಗಾಲದಲ್ಲಿ ಕತೆ ಬೇರೆ. ಕೇರಳದ ಬಸ್ಸುಗಳಲ್ಲಿ ಕಿಟಕಿಯ ಶಟರು ಎಳೆದುಬಿಟ್ಟರೆ ಒಳಗೆ ಕತ್ತಲೆ, ಸೆಕೆ, ನೂರು ಜನರ ಒದ್ದೆ ಬಟ್ಟೆ, ಕೊಡೆಯಿಂದ ಇಳಿಯುವ ನೀರು. ಮುಗ್ಗಲು ವಾಸನೆ. ಆ ವಾಸನೆ ಇದ್ದಲ್ಲಿ ಬೂಷ್ಟು ಇದೆ ಎಂದೇ ಅರ್ಥ, ಮತ್ತೆ ಬೂಷ್ಟಿನ ಬೀಜಕಣಗಳೂ ನುಸಿಯ ಹಾಗೆಯೇ ಕೆಲವರಿಗೆ ಅಲರ್ಜಿ ತರುತ್ತವೆ. ನಿಂತು ಹೋಗುವುದಾದರೂ ಬಾಗಿಲ ಹತ್ತಿರ ಗಾಳಿ ಆಡುವಲ್ಲಿ ನಿಲ್ಲುವುದು ಆಗ ಒಳ್ಳೆಯದು. ಬೇಸಗೆಯಲ್ಲಿ ಇದರ ಉಲ್ಟಾ. ಬಾಗಿಲಿನಿಂದಲೇ ಧೂಳು ನುಗ್ಗುವುದು, ನಡುವಿನ ಸೀಟು ವಾಸಿ. ಎದುರಿನ ಸೀಟಿಗೆ ಊದುಬತ್ತಿ ಹತ್ತಿರ ಎಂಬುದೂ ನೆನಪಿರಲಿ.

ಸಮಯ ಹೊಂದುವವರಿಗೆ ರೈಲು ಇನ್ನೂ ಒಳ್ಳೆಯದು. ಕಾಸರಗೋಡಿನಿಂದ ಮಂಗಳೂರಿಗೆ ಹಳಿ ಹೆಚ್ಚಿನ ಕಡೆ ಕಡಲ ಬದಿಯಲ್ಲೇ ಹೋಗುತ್ತದೆ, ಕರೆಂಟಿನ ಎಂಜಿನ್, ಎದುರಿಗೆ ಲಾರಿಯ ಹೊಗೆ ಇಲ್ಲ. ಶಿರಿಯ ಹೊಳೆಯ ಸೇತುವೆ ದಾಟುವಾಗ ಬರುವ ಗಾಳಿಗೆ ನನ್ನ ಮೂಗು ಯಾವತ್ತೂ ತಕರಾರು ಮಾಡಿದ್ದಿಲ್ಲ.

ಮಾಸ್ಕ್ ಹಾಕುವುದರಿಂದ ನಿಜವಾಗಿ ಪ್ರಯೋಜನ ಇದೆ. ಹೂವಿನ ಪರಾಗ, ನುಸಿಯ ಹಿಕ್ಕೆ ಇವೆಲ್ಲ ವೈರಸ್ಸಿಗೆ ಹೋಲಿಸಿದರೆ ಬಹಳ ದೊಡ್ಡ ಕಣಗಳು, ಹೆಚ್ಚಿನವು 10 ಮೈಕ್ರಾನ್‌ಗಿಂತ ದೊಡ್ಡವು. ಸಾಧಾರಣ ಸರ್ಜಿಕಲ್ ಮಾಸ್ಕಿಗೇ ಅವು ಸಿಕ್ಕಿಬೀಳುತ್ತವೆ. ಕೊರೋನಾ ಕಾಲದಲ್ಲಿ ಇಸ್ರೇಲಿನಲ್ಲಿ ಅಲರ್ಜಿ ಇರುವ ನರ್ಸುಗಳನ್ನು ಕೇಳಿದಾಗ ಮಾಸ್ಕ್ ಹಾಕಿದ ದಿನಗಳಲ್ಲಿ ಅನೇಕರ ಮೂಗಿನ ತೊಂದರೆ ಕಡಿಮೆಯಾಗಿತ್ತು. ಮಾಸ್ಕಿನ ಒಳಗಿನ ಗಾಳಿ ಬೆಚ್ಚಗೆ, ತೇವವಾಗಿ ಇರುವುದೂ ಮೂಗಿಗೆ ಹಿತ. ಹೊಗೆಗೆ, ಸೆಂಟಿಗೆ ಮಾತ್ರ ಇದರಿಂದ ಅಷ್ಟೇನೂ ಆಗುವುದಿಲ್ಲ. ಒದ್ದೆಯಾದ ಮಾಸ್ಕನ್ನೇ ಹಾಕಿಕೊಂಡಿರಬೇಡಿ, ಚೀಲದಲ್ಲಿ ಇನ್ನೊಂದು ಇರಲಿ.

ಇನ್ನು ಮದ್ದು. ಇಲ್ಲಿ ನಾನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನಾವು ತಪ್ಪು ಮಾಡುವುದು ಇಲ್ಲೇ.

ಎಲ್ಲರಿಗೂ ಗೊತ್ತಿರುವುದು ಸಿಟ್ರಿಜಿನ್. ಹಿಸ್ಟಮಿನ್ ಹೋಗಿ ಕೂರುವ ಜಾಗವನ್ನು ಇದು ಮೊದಲೇ ಹಿಡಿದುಕೊಳ್ಳುತ್ತದೆ. ಸೀನು, ತುರಿಕೆ, ನೀರು ಸೋರುವುದಕ್ಕೆ ಒಳ್ಳೆಯದು. ಮೂಗು ಕಟ್ಟಿದ್ದಕ್ಕೆ ಅಷ್ಟು ಸಾಲದು. ಮತ್ತೆ ನಿದ್ದೆ. ಹಳೆಯ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಗುಳಿಗೆಗಳಷ್ಟು ಅಲ್ಲದಿದ್ದರೂ ಸಿಟ್ರಿಜಿನ್‌ನಲ್ಲೂ ಕೆಲವರಿಗೆ ಚೆನ್ನಾಗಿಯೇ ನಿದ್ದೆ ಬರುತ್ತದೆ. ಒಂದು ದಿನ ಬೆಳಿಗ್ಗೆ ಗುಳಿಗೆ ನುಂಗಿ ಬಸ್ಸು ಹತ್ತಿದ್ದೆ. ನಾನು ಇಳಿಯಬೇಕಾದದ್ದು ತೊಕ್ಕೊಟ್ಟಿನಲ್ಲಿ. ಎಚ್ಚರವಾದಾಗ ಬಸ್ಸು ನೇತ್ರಾವತಿ ಸೇತುವೆಯ ಮೇಲಿತ್ತು. ನನಗಾದರೆ ಅರ್ಧ ಗಂಟೆ ಹೋಯಿತು. ಆಟೋ ಓಡಿಸುವವರು, ಸ್ಕೂಟರಿನಲ್ಲಿ ಸ್ಟೇಷನ್‌ಗೆ ಬರುವವರು ಈ ಗುಳಿಗೆ ನುಂಗಿ ಗಾಡಿ ಹಿಡಿಯಬಾರದು. ಅಂಥವರು ಡಾಕ್ಟ್ರನ್ನು ಕೇಳಿ ರಾತ್ರಿಗೆ ಬದಲಾಯಿಸಿಕೊಳ್ಳಬಹುದು, ಇಲ್ಲವೇ ಫೆಕ್ಸೊಫೆನಡಿನ್‌ನಂಥ ನಿದ್ದೆ ಕಡಿಮೆ ತರುವ ಗುಳಿಗೆ ಕೇಳಬಹುದು. ಫೆಕ್ಸೊಫೆನಡಿನನ್ನು ಕಿತ್ತಳೆ, ಆ್ಯಪಲ್ ಜ್ಯೂಸಿನ ಜೊತೆ ನುಂಗಿದರೆ ಮೈಗೆ ಸೇರುವುದು ಕಡಿಮೆಯಾಗುತ್ತದೆ. ನೀರಿನಲ್ಲೇ ನುಂಗಿ.

ಮಾಂಟೆಲುಕಾಸ್ಟ್ ಸೇರಿಸಿದ ಗುಳಿಗೆಯನ್ನು ಮೆಡಿಕಲಿನಲ್ಲಿ ಸುಮ್ನೆ ಕೇಳಿ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದರಿಂದ ಕೆಲವರಿಗೆ ಕೆಟ್ಟ ಕನಸು, ಮನಸ್ಸು ಕುಗ್ಗುವುದು ಮುಂತಾದ ತೊಂದರೆ ಬರಬಹುದು ಎಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಡಾಕ್ಟ್ರು ಹೇಳಿದರೆ ಮಾತ್ರ ಅದು.

ರೈಲಿನಲ್ಲಿ ಜೊತೆಗೆ ಬರುವವರೊಬ್ಬರು ಷರ್ಟಿನ ಜೇಬಿನಲ್ಲಿ ಯಾವಾಗಲೂ ಮೂಗಿನ ಹನಿಮದ್ದಿನ ಸಣ್ಣ ಬಾಟಲಿ ಇಟ್ಟುಕೊಳ್ಳುತ್ತಿದ್ದರು. ಮಂಜೇಶ್ವರದಲ್ಲಿ ಒಮ್ಮೆ, ಉಳ್ಳಾಲದಲ್ಲಿ ಒಮ್ಮೆ. "ಇದಿಲ್ಲದೆ ಆಗುವುದೇ ಇಲ್ಲ ಮಾರಾಯ್ರೆ, ಎಂಟು ತಿಂಗಳಾಯಿತು" ಎನ್ನುತ್ತಿದ್ದರು. ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಎಂಬ ಈ ಹನಿಗಳು ಉಬ್ಬಿದ ರಕ್ತನಾಳಗಳನ್ನು ಹಿಂಡಿ ಸಣ್ಣ ಮಾಡುತ್ತವೆ. ಎರಡು ನಿಮಿಷದಲ್ಲಿ ಮೂಗು ತೆರೆಯುತ್ತದೆ, ಅದಕ್ಕೇ ರುಚಿ ಹತ್ತುವುದು. ಆದರೆ ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ರಕ್ತನಾಳಗಳು ಹನಿಯ ಪ್ರಭಾವ ಇಳಿದ ಕೂಡಲೇ ಮೊದಲಿಗಿಂತ ಜಾಸ್ತಿ ಉಬ್ಬುತ್ತವೆ. ಮತ್ತೆ ಹನಿ, ಮತ್ತೆ ಉಬ್ಬು. ಕೊನೆಗೆ ಮೂಗು ಕಟ್ಟುವುದಕ್ಕೆ ಹನಿಯೇ ಕಾರಣವಾಗಿರುತ್ತದೆ. ಅವರು ಡಾಕ್ಟ್ರ ಮಾತಿನಂತೆ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿ, ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿ, ಆಮೇಲೆ ಇನ್ನೊಂದಕ್ಕೆ ನಿಲ್ಲಿಸಿ ಹೊರಗೆ ಬಂದರು. ಮೂರು ವಾರ ಕಷ್ಟಪಟ್ಟರು.

ಸ್ಟೀರಾಯ್ಡ್ ಎಂದ ಕೂಡಲೇ ಹೆದರುವವರಿದ್ದಾರೆ, ಅಲ್ವಾ? ಫ್ಲುಟಿಕಸೋನ್, ಮೊಮೆಟಸೋನ್ ಸ್ಪ್ರೇಯಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದ ಮದ್ದು, ಕೆಲಸ ಮಾಡುವುದೂ ಮೂಗಿನ ಒಳಗೇ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ವಾರದಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ, ಒಂದೇ ಸಮನೆ ನಾಲ್ಕು ವಾರಕ್ಕಿಂತ ಜಾಸ್ತಿ ತೊಂದರೆ ಇರುವವರಿಗೆ ಇದಕ್ಕಿಂತ ಪರಿಣಾಮದ ಮದ್ದು ಬೇರೆ ಇಲ್ಲ. ಸೀನು, ನೀರು, ಮೂಗು ಕಟ್ಟುವುದು ಮೂರಕ್ಕೂ ಆಗುತ್ತದೆ. ಒಂದೇ ತಕರಾರು, ಅದು ಅವಸರದ ಮದ್ದಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನಾ ಹಾಕಬೇಕು. ಎರಡು ದಿನ ಹಾಕಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ನಾನೂ ಹಾಗೇ ಬಿಟ್ಟಿದ್ದೆ.

ಹಾಕುವ ಕ್ರಮ ತಪ್ಪಿದರೂ ಪ್ರಯೋಜನ ಇಲ್ಲ. ತಲೆ ಹಿಂದಕ್ಕೆ ವಾಲಿಸಿ ಒತ್ತಿ ಜೋರಾಗಿ ಎಳೆದುಕೊಂಡರೆ ಮದ್ದು ನೇರ ಗಂಟಲಿಗೆ ಹೋಗುತ್ತದೆ. ಬಾಯಲ್ಲಿ ಕಹಿ ಗೊತ್ತಾದರೆ ಹೊಟ್ಟೆಗೆ ಹೋಯಿತು ಎಂದೇ ಲೆಕ್ಕ. ಮೊದಲು ಮೂಗು ಮೆಲ್ಲಗೆ ಸೀಟಿಕೊಳ್ಳಿ. ಬಾಟಲಿ ಅಲ್ಲಾಡಿಸಿ. ಕಾಲಿನ ಬೆರಳು ನೋಡುವ ಹಾಗೆ ತಲೆ ಸ್ವಲ್ಪ ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಕೈ ಅದಲುಬದಲು ಮಾಡಿದರೆ ತುದಿ ತನ್ನಷ್ಟಕ್ಕೇ ಹೊರಗಡೆ, ಆ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ಬಿದ್ದರೆ ಒಣಗಿ ರಕ್ತ ಬರುವುದುಂಟು. ಒತ್ತುವಾಗ ಹೂವು ಮೂಸುವಷ್ಟೇ ಮೆಲ್ಲಗೆ ಉಸಿರೆಳೆಯಿರಿ. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಬಾಟಲಿ ಇಟ್ಟರೆ ಮರೆಯುವುದಿಲ್ಲ.

ಸ್ಪ್ರೇಗೆ ಮೊದಲು ಉಪ್ಪುನೀರಲ್ಲಿ ಮೂಗು ತೊಳೆದರೆ ಇನ್ನೂ ಒಳ್ಳೆಯದು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಸೋಡಾಪುಡಿ. ಸಂಜೆ ಮನೆಗೆ ಬಂದು ಹೀಗೆ ತೊಳೆದರೆ ದಾರಿಯ ಧೂಳೂ ಹೋಗುತ್ತದೆ. ಆದರೆ ದಯವಿಟ್ಟು ಕುದಿಸಿ ಆರಿಸಿದ ನೀರನ್ನೇ ಬಳಸಿ. ನಮ್ಮಲ್ಲಿ ಬಾವಿ ನೀರು, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಕನ್ನಡಿಯ ಹಾಗಿರುತ್ತದೆ, ಕುಡಿಯಲೂ ಸಿಹಿ. ಮೂಗಿಗೆ ಅದು ಸಾಲದು. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಮಿದುಳು ಜ್ವರ ಬಂದ ಸುದ್ದಿ ಓದಿದ್ದೇವೆ. ಅಂಥ ಅಮೀಬಾಗಳಲ್ಲಿ ಒಂದಾದ ನೇಗ್ಲೇರಿಯಾ ನೀರು ಕುಡಿದರೆ ಏನೂ ಮಾಡುವುದಿಲ್ಲ, ಮೂಗಿನ ಮೂಲಕ ಹೋದರೆ ಮಿದುಳಿಗೆ ಏರುತ್ತದೆ.

ಮನೆಯ ಕಡೆಯ ಕೆಲಸದಲ್ಲಿ ನಮ್ಮ ಹಳೆಯ ಬಚ್ಚಲ ಹಂಡೆ ದೊಡ್ಡ ಸಹಾಯ. ನುಸಿ ಸಾಯಲು ನೀರು 55ರಿಂದ 60 ಡಿಗ್ರಿ ಬೇಕು, ಅಂದರೆ ಕೈ ಇಡಲು ಆಗದಷ್ಟು ಬಿಸಿ. ವಾರಕ್ಕೊಮ್ಮೆ ದಿಂಬಿನ ಕವರು, ಬೆಡ್‌ಶೀಟನ್ನು ಆ ನೀರಲ್ಲಿ ನೆನೆಸಿ ತೊಳೆಯುವುದು. ಬೇಸಗೆಯಲ್ಲಿ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕುವುದೂ ಒಳ್ಳೆಯದೇ, ಆದರೆ ಸತ್ತ ನುಸಿಯ ಹಿಕ್ಕೆ ಅಲ್ಲೇ ಇರುತ್ತದೆ, ಆಮೇಲೆ ಹೊರಗೇ ಬಡಿದು ತರಬೇಕು. ಬಡಿಯುವವರು ಅಲರ್ಜಿ ಇಲ್ಲದವರಾಗಿರಲಿ. ಒಂದು ಕೆಲಸದಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಬರೀ ದಿಂಬಿಗೆ ದುಬಾರಿ ಕವರ್ ಹಾಕಿದರೂ ಅಷ್ಟೇ. ಎಲ್ಲ ಸೇರಿ ಮಾಡಿದಾಗ ಗೊತ್ತಾಗುತ್ತದೆ.

ನಮ್ಮ ಕಡೆ "ನನಗೆ ಇಸ್ನೋಫಿಲಿಯಾ" ಎನ್ನುವವರು ಬಹಳ. ರಕ್ತದಲ್ಲಿ ಇಸ್ನೋಫಿಲ್ ಕೋಶ ಹೆಚ್ಚಾಗುವುದು ಹೊಟ್ಟೆಹುಳದಿಂದಲೂ ಆಗಬಹುದು. ಆ ಒಂದು ಲೆಕ್ಕ ನೋಡಿ ಯಾವುದರ ಅಲರ್ಜಿ ಎಂದು ಹೇಳಲಾಗುವುದಿಲ್ಲ. ಚರ್ಮದ ಪರೀಕ್ಷೆಗೆ ಹೋಗುವುದಾದರೆ ಸಿಟ್ರಿಜಿನ್‌ನಂಥ ಗುಳಿಗೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ಡಾಕ್ಟ್ರನ್ನು ಕೇಳಿಕೊಳ್ಳಿ. ಮದ್ದಿಗೂ ಜಗ್ಗದವರಿಗೆ ಮೂರರಿಂದ ಐದು ವರ್ಷ ಸಣ್ಣ ಸಣ್ಣ ಪ್ರಮಾಣದಲ್ಲಿ ಅದೇ ಅಲರ್ಜಿ ವಸ್ತುವನ್ನು ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ಇದೆ.

ಮೂಗಿನ ಜೊತೆಗೆ ಎದೆಯಲ್ಲಿ ಸುಯ್ ಎನ್ನುವ ಶಬ್ದ, ಮೆಟ್ಟಿಲು ಹತ್ತುವಾಗ ಏದುಸಿರು, ರಾತ್ರಿ ಕೆಮ್ಮು ಇದ್ದರೆ ತಡಮಾಡಬೇಡಿ. ಮೂಗು ಮತ್ತು ಶ್ವಾಸಕೋಶ ಒಂದೇ ದಾರಿಯ ಎರಡು ತುದಿ, ಅಸ್ತಮಾ ಇರುವವರಲ್ಲಿ ಹೆಚ್ಚಿನವರಿಗೆ ಮೂಗಿನ ತೊಂದರೆಯೂ ಇರುತ್ತದೆ. ಯಾವಾಗಲೂ ಒಂದೇ ಹೊಳ್ಳೆ ಕಟ್ಟುವುದು, ಸಿಂಬಳದಲ್ಲಿ ರಕ್ತ, ವಾಸನೆಯೇ ಗೊತ್ತಾಗದಿರುವುದು ಇದ್ದರೂ ತೋರಿಸಿಕೊಳ್ಳಬೇಕು. ಶಾಲೆಗೆ ಹೋಗುವ ಮಕ್ಕಳು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆ ಬಿದ್ದಿದೆಯಾ ನೋಡಿ. ಅವರು "ತುರಿಸ್ತದೆ" ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ನನಗೆ ತೊಂದರೆ ಜೋರಾಗುವುದು ಮಳೆ ಹಿಡಿದ ಮೇಲೆ. ಮಳೆ ಬರುವುದು ಜೂನ್ ಮೊದಲಿಗೆ, ಸ್ಪ್ರೇ ಪೂರ್ತಿ ಹಿಡಿಯಲು ಎರಡು ವಾರ. ಮೇ 24ರ ಹೊತ್ತಿಗೆ ತುಳುನಾಡಿನ ಪತ್ತನಾಜೆ ದಿನ ಬರುತ್ತದೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಊರೆಲ್ಲ ಮಳೆಗಾಲಕ್ಕೆ ತಯಾರಿ ಮಾಡುತ್ತದೆ. ಡಾಕ್ಟ್ರನ್ನು ಕೇಳಿಕೊಂಡು ನಾನು ಸ್ಪ್ರೇಯ ಹೊಸ ಬಾಟಲಿ ಒಡೆಯುವುದು ಆ ವಾರವೇ.